ಕಣ್ಣು ಹೊಡೆಯುತ್ತಿದ್ದ ಕಾರು, ಮಂಡ್ಯದ ಬೋರ್ಡಿಲ್ಲದ ಗ್ಯಾರೇಜು

ಮೊದಲೇ ಹೇಳಿಬಿಡುತ್ತೇನೆ. ಹಳೇ ಕಾರಿನ ಪಾಪ್-ಅಪ್, ಅಂದರೆ ಮೂತಿಯಿಂದ ಎದ್ದು ಬರುವ ಹೆಡ್‌ಲೈಟ್ ವಾರೆಯಾಗಿದ್ದರೆ, ‘ಮೋಟರ್ ಹೋಗಿದೆ, ಬದಲಾಯಿಸಬೇಕು’ ಅಂತ ಯಾರಾದರೂ ಹೇಳಿದ ಕೂಡಲೇ ದುಡ್ಡು ಬಿಚ್ಚಬೇಡಿ. ನಾನು ಬಿಚ್ಚುವುದರಲ್ಲಿದ್ದೆ. 38,000 ರೂಪಾಯಿ. ಕೊನೆಗೆ ಕೆಲಸ ಮುಗಿದದ್ದು 2,650ಕ್ಕೆ, ಅದೂ ಮಂಡ್ಯದ ಗುತ್ತಲು ರಸ್ತೆ ಕಡೆ ಇರುವ, ಒಂದು ಬೋರ್ಡೂ ಇಲ್ಲದ, ಮುಂದೆ ಯಾವಾಗಲೂ ಎರಡು ಟ್ರ್ಯಾಕ್ಟರ್ ಬಿಚ್ಚಿಟ್ಟಿರುವ ಗ್ಯಾರೇಜಿನಲ್ಲಿ. ಆ ಗ್ಯಾರೇಜಿನ ಬಗ್ಗೆಯೇ ಇದು.

ಕಾರು ನಮ್ಮ ದೊಡ್ಡಪ್ಪನದು. 1991ರ ಮಾಜ್ದಾ ಎಂಎಕ್ಸ್-5, ಕೆಂಪು ಬಣ್ಣ, ಎರಡೇ ಸೀಟು, 1.6 ಲೀಟರ್ ಎಂಜಿನ್. ಇಂಗ್ಲೆಂಡಿನಲ್ಲಿ ಕೆಲಸ ಮುಗಿಸಿ ಮೈಸೂರಿಗೆ ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಹಡಗಿನಲ್ಲಿ ತಂದರು. ದೊಡ್ಡಮ್ಮ ಇವತ್ತಿಗೂ ಅದನ್ನು ‘ಇಬ್ಬರು ಕೂರೋ ಡಬ್ಬಕ್ಕೆ ಒಂದು ಸೈಟಿನ ದುಡ್ಡು ಸುಂಕ ಕಟ್ಟಿದ ಕಾರು’ ಅಂತಲೇ ಕರೆಯುತ್ತಾರೆ. ದೊಡ್ಡಪ್ಪನಿಗೆ ಮಂಡಿನೋವು ಶುರುವಾದ ಮೇಲೆ ಅಷ್ಟು ತಗ್ಗಿನ ಸೀಟಿನಲ್ಲಿ ಕೂತು ಏಳುವುದು ಆಗಲಿಲ್ಲ, ಕೀ ನನ್ನ ಕೈಗೆ ಬಂತು. ಜೊತೆಗೆ ಕಾಯಿಲೆಗಳೂ ಬಂದವು.

ಗೊತ್ತಿಲ್ಲದವರಿಗೆ ಒಂದು ಮಾತು. ಈ ಕಾರಿನಲ್ಲಿ ಹೆಡ್‌ಲೈಟ್ ಹಗಲಿನಲ್ಲಿ ಕಾಣುವುದೇ ಇಲ್ಲ. ಮೂತಿಯೊಳಗೆ ಮಲಗಿರುತ್ತದೆ, ಮೇಲೆ ಕಾರಿನ ಬಣ್ಣದ್ದೇ ಒಂದು ಮುಚ್ಚಳ. ಸ್ವಿಚ್ ಹಾಕಿದರೆ ಕಪ್ಪೆ ಕಣ್ಣು ಬಿಟ್ಟ ಹಾಗೆ ಎರಡೂ ಮೇಲೆದ್ದು ಬರುತ್ತವೆ. ಇದೇನು ಜಪಾನಿನವರು ಕಂಡುಹಿಡಿದ ಹೊಸ ಆಟವಲ್ಲ. ಅಮೆರಿಕದ ಕಾರ್ಡ್ 810 ಅನ್ನುವ ಕಾರಿನಲ್ಲಿ 1936ರಲ್ಲೇ ಇತ್ತು, ಆಗ ಮೋಟರ್ ಇರಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿದ್ದ ಹಿಡಿಯನ್ನು ಬಾವಿ ರಾಟೆ ತಿರುಗಿಸಿದ ಹಾಗೆ ತಿರುಗಿಸಿ ಒಂದೊಂದೇ ದೀಪ ಎತ್ತಬೇಕಿತ್ತು. ಎಂಎಕ್ಸ್-5ಗೆ 1997ರವರೆಗೆ ಇದೇ ಎದ್ದೇಳುವ ಕಣ್ಣು, ಮುಂದಿನ ಮಾದರಿಗೆ ಮಾಮೂಲಿ ದೀಪ. 2004ರಲ್ಲಿ ಶೆವ್ರೊಲೆ ಕಾರ್ವೆಟ್, ಲೋಟಸ್ ಎಸ್ಪ್ರಿ ಎರಡೂ ಇದನ್ನು ಬಿಟ್ಟ ಮೇಲೆ ದೊಡ್ಡ ಕಂಪನಿಗಳ ಹೊಸ ಕಾರಿನಲ್ಲಿ ಈ ಮಜಾ ಮುಗಿಯಿತು. ಹಾಗಾಗಿ ರಿಪೇರಿ ಗೊತ್ತಿರುವವರೂ ಕಮ್ಮಿ, ನಮ್ಮ ಕಡೆಯಂತೂ ಇಲ್ಲವೇ ಇಲ್ಲ ಅಂತ ನಾನು ಅಂದುಕೊಂಡಿದ್ದೆ.

ಕೆಟ್ಟಿದ್ದು ಹೇಗೆ ಅಂದರೆ, ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವೀಸಿಗೆ ಬಿಟ್ಟೆ. ಅವತ್ತು ಮೈಸೂರಿನಲ್ಲಿ ಯಾವ ಸರ್ವೀಸ್ ಸ್ಟೇಷನ್ ಮುಂದೆ ನೋಡಿದರೂ ಜಾತ್ರೆ. ದೀಪದ ಹಿಂದೆ ಒರೆಸಲಿ ಅಂತ ನಾನೇ ಎರಡೂ ದೀಪ ಎತ್ತಿಟ್ಟು ಕಾಫಿಗೆ ಹೋದೆ. ಈ ಕಾರಿನಲ್ಲಿ ದೀಪ ಉರಿಸದೆ ಸುಮ್ನೆ ಎತ್ತುವುದಕ್ಕೆ ಅಂತಲೇ ಬೇರೆ ಬಟನ್ ಇದೆ. ವಾಪಸ್ ಬರುವಷ್ಟರಲ್ಲಿ ಅಲ್ಲಿದ್ದ ಹುಡುಗ, ಪಾಪ, ಡಿಕ್ಕಿ ಮುಚ್ಚುವ ಹಾಗೆ ಎಡಗಡೆ ದೀಪವನ್ನು ಎರಡೂ ಕೈಯಲ್ಲಿ ಒತ್ತಿ ಒತ್ತಿ ಕೂರಿಸುತ್ತಿದ್ದ. ಅವನ ತಪ್ಪು ಅನ್ನಲ್ಲ, ಮೂವತ್ತು ವರ್ಷದ ಪ್ಲಾಸ್ಟಿಕ್ ಯಾವತ್ತೋ ಸಾಯಬೇಕಿತ್ತು, ಅವನು ಕೊನೆಯ ನೂಕು ನೂಕಿದ ಅಷ್ಟೇ. ಆದರೆ ಪೂಜೆಯ ದಿನ ಕುಂಬಳಕಾಯಿ ಒಡೆದು, ಹಾರ ಹಾಕಿ, ನಿಂಬೆಹಣ್ಣಿನ ಮೇಲೆ ಹತ್ತಿಸುವಾಗ ನೋಡುತ್ತೇನೆ, ಎಡಗಣ್ಣು ಪೂರ್ತಿ ಮುಚ್ಚಿಲ್ಲ. ಒಂದು ಬೆರಳಿನಷ್ಟು ಎದ್ದುಕೊಂಡಿದೆ. ಎತ್ತಿದರೆ ಬಲಗಡೆಯದಕ್ಕಿಂತ ತಗ್ಗು. ಬೀದಿ ಮಕ್ಕಳು ‘ಅಂಕಲ್, ನಿಮ್ಮ ಕಾರು ಕಣ್ಣು ಹೊಡೀತಾ ಇದೆ’ ಅಂದವು. ದೊಡ್ಡಮ್ಮ ಮೆಳ್ಳೆಗಣ್ಣು ಅಂದರು.

ನೋಟದ ವಿಷಯ ಬಿಡಿ, ರಾತ್ರಿ ಓಡಿಸಿದಾಗ ನಿಜವಾದ ಕಷ್ಟ ತಿಳಿಯಿತು. ಪ್ರತಿ ಹಂಪಿಗೂ ಎಡಗಡೆ ಬೆಳಕು ಎದ್ದು ಮರದ ಕೊಂಬೆಗೆ ಹೋಗುತ್ತದೆ, ಆಮೇಲೆ ಇಳಿದು ನನ್ನ ಟೈರ್ ಮುಂದೆಯೇ ಬೀಳುತ್ತದೆ. ಎದುರಿಗೆ ಬರುವವರೆಲ್ಲ ನಾನು ಬೇಕಂತಲೇ ಡಿಮ್ ಡಿಪ್ ಮಾಡುತ್ತಿದ್ದೇನೆ ಅಂತ ತಿಳಿದು ವಾಪಸ್ ಲೈಟ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು.

ಮೈಸೂರಿನಲ್ಲೇ ಒಂದು ಕಡೆ ತೋರಿಸಿದೆ. ಹೆಸರು ಬೇಡ. ಫಾರಿನ್ ಕಾರು ಅಂದರೆ ನಾವೇ ಅನ್ನುವ ಜಾಗ, ಎಸಿ ರೂಮು, ಗಾಜಿನ ಆಚೆ ನಮ್ಮ ಕಾರು ಕಾಣುತ್ತದೆ, ಕಾಫಿ ಚೆನ್ನಾಗಿತ್ತು. ಅವರು ಮಾಡಿದ್ದಿಷ್ಟು: ಮುಚ್ಚಳದ ಬೋಲ್ಟು ಸಡಿಲಿಸಿ, ಮುಚ್ಚಳವನ್ನೇ ಕೆಳಕ್ಕೆ ಎಳೆದು, ಬಿಗಿ ಮಾಡಿ ಕೊಟ್ಟರು. 4,500 ರೂಪಾಯಿ. ದೀಪ ಮಲಗಿದ್ದಾಗ ನೋಡಿದರೆ ಸೂಪರ್, ಗೆರೆ ಎಳೆದ ಹಾಗೆ ಕೂತಿದೆ. ಮನೆಗೆ ಬಂದು ಸಂಜೆ ಸ್ವಿಚ್ ಹಾಕಿದೆ, ಕರ್ ಅಂತ ಶಬ್ದ. ಮುಚ್ಚಳದ ಅಂಚು ಬಾನೆಟ್ಟಿಗೆ ಉಜ್ಜಿ ಎರಡು ಇಂಚು ಪೇಂಟ್ ಎದ್ದಿತ್ತು. ಕುಂಟುವವನ ಕಾಲು ನೋಡದೆ ಚಪ್ಪಲಿ ಬದಲಾಯಿಸಿದ ಹಾಗೆ. ಮತ್ತೆ ಹೋದೆ. ಆಗ ಬಂತು ಮೋಟರಿನ ಮಾತು. ಹೊರದೇಶದಿಂದ ತರಿಸಬೇಕು, ಎರಡು ತಿಂಗಳು, 38,000. ಮೋಟರ್ ತಿರುಗುತ್ತಿದೆಯಲ್ಲ ಸ್ವಾಮಿ, ಶಬ್ದವೂ ಸರಿಯಾಗಿದೆ ಅಲ್ವಾ ಅಂದೆ. ‘ಕಂಪ್ಲೀಟ್ ಸೆಟ್ ಹಾಕಿಬಿಟ್ಟರೆ ಟೆನ್ಷನ್ ಇರಲ್ಲ ಸರ್’ ಅಂದರು. ಯಾರಿಗೆ ಟೆನ್ಷನ್ ಇರಲ್ಲ ಅಂತ ಕೇಳಬೇಕಿತ್ತು, ಹೊಳೆಯಲಿಲ್ಲ.

ಇನ್ನೊಂದು ಕಡೆ ಎಫ್‌ಸಿ ತಲೆಮೇಲೆ ಇತ್ತು. ಹದಿನೈದು ವರ್ಷ ದಾಟಿದ ಸ್ವಂತ ಕಾರಿಗೆ ಐದು ವರ್ಷಕ್ಕೊಮ್ಮೆ ಆರ್‌ಟಿಓಗೆ ತೋರಿಸಿ ಆರ್‌ಸಿ ಮುಂದುವರಿಸಬೇಕಲ್ಲ, ಅದು. ಒಂದು ದೀಪ ಆಕಾಶಕ್ಕೆ, ಇನ್ನೊಂದು ಪಾತಾಳಕ್ಕೆ ನೋಡುವ ಗಾಡಿಯನ್ನು ಯಾವ ಇನ್‌ಸ್ಪೆಕ್ಟರ್ ತಾನೇ ಪಾಸು ಮಾಡುತ್ತಾನೆ? ಆಗ ನನ್ನ ಹೆಂಡತಿಯ ಅಣ್ಣ, ಮಂಡ್ಯದವರು, ಕಬ್ಬು ಬೆಳೆಯುತ್ತಾರೆ, ‘ನಮ್ ಟ್ರ್ಯಾಕ್ಟರ್ ಮೇಸ್ತ್ರಿಗೆ ಒಂದ್ಸಲ ತೋರ್ಸಿ ಭಾವ, ನೋಡಕ್ಕೆ ಕಾಸೇನ್ ಇಸ್ಕೊಳಲ್ಲ’ ಅಂದರು. ನಕ್ಕುಬಿಟ್ಟೆ. ಆಮೇಲೆ ಹೋದೆ. ಬೇರೆ ದಾರಿ ಇರಲಿಲ್ಲ.

ಮೇಸ್ತ್ರಿಗೆ ಐವತ್ತೈದು ದಾಟಿರಬಹುದು. ಇಂಥ ದೀಪ ಜೀವಮಾನದಲ್ಲಿ ನೋಡಿಲ್ಲ ಅಂತ ಮೊದಲ ಮಾತಿನಲ್ಲೇ ಒಪ್ಪಿಕೊಂಡರು. ನನಗೆ ಅಲ್ಲೇ ಅರ್ಧ ನಂಬಿಕೆ ಬಂತು. ಸ್ಪ್ಯಾನರ್ ಮುಟ್ಟಲಿಲ್ಲ. ಮುಂದೆ ಒಂದು ಟೈರ್ ಹಾಕಿಕೊಂಡು ಅದರ ಮೇಲೆ ಕೂತರು, ನನ್ನನ್ನು ಒಳಗೆ ಕೂರಿಸಿ ಬಟನ್ ಒತ್ತಿಸಿದರು. ಎತ್ತಿ. ಇಳ್ಸಿ. ಎತ್ತಿ. ಇಳ್ಸಿ. ಹತ್ತು ಹದಿನೈದು ಸಲ ಆಗಿರಬೇಕು, ನನಗೇ ಬೇಜಾರಾಯಿತು, ಸುತ್ತ ಜನ ಸೇರಿದರು, ಟೀ ಅಂಗಡಿಯವನು ಗಿರಾಕಿ ಬಿಟ್ಟು ಬಂದು ನಿಂತ. ಮೇಸ್ತ್ರಿ ಚಾಕ್‌ಪೀಸಿನಲ್ಲಿ ಎರಡೂ ಕಡೆ ಗುರುತು ಹಾಕಿ ಬಲಗಡೆಯದು ಎಲ್ಲಿ ನಿಲ್ಲುತ್ತದೆ, ಎಡಗಡೆಯದು ಎಲ್ಲಿ ನಿಲ್ಲುತ್ತದೆ ಅಂತ ನೋಡುತ್ತಲೇ ಇದ್ದರು. ಆಮೇಲೆ ಫ್ಯೂಸ್ ತೆಗೆಸಿದರು. ಬಾನೆಟ್ ಒಳಗಿನ ಪೆಟ್ಟಿಗೆಯಲ್ಲಿ ಈ ಮೋಟರಿಗೆ ಅಂತಲೇ 30 ಆಂಪಿನ ಫ್ಯೂಸ್ ಇದೆ, ಕೈ ಹಾಕುವ ಮುಂಚೆ ಅದನ್ನು ತೆಗೆಯಲೇಬೇಕು. ಇಲ್ಲದಿದ್ದರೆ ಯಾರೋ ಗೊತ್ತಿಲ್ಲದೆ ಬಟನ್ ಒತ್ತಿದರೆ ಬೆರಳು ಹೋಗುತ್ತದೆ, ತಮಾಷೆಯಲ್ಲ. ಫ್ಯೂಸ್ ತೆಗೆದ ಮೇಲೆ ಮೋಟರಿನ ಮೇಲಿರುವ ರಬ್ಬರ್ ಟೋಪಿ ಬಿಚ್ಚಿದರೆ ಒಂದು ತಿರುಪು ಸಿಗುತ್ತದೆ, ಅದನ್ನು ಕೈಯಲ್ಲಿ ತಿರುಗಿಸಿ ದೀಪವನ್ನು ನಿಧಾನಕ್ಕೆ ಎತ್ತಬಹುದು. ಅವರು ಅದನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸುತ್ತಾ, ಇನ್ನೊಂದು ಕೈಯಲ್ಲಿ ದೀಪ ಅಲ್ಲಾಡಿಸುತ್ತಾ, ಎಲ್ಲಿ ಲೂಸು ಅಂತ ಬೆರಳಿಟ್ಟು ಹುಡುಕಿದರು.

‘ಎತ್ತು ಗಟ್ಟಿಯಾಗೈತೆ ಸಾ. ಗಾಡಿ ಕಡಾಣಿ ಸವೆದೈತೆ’ ಅಂದರು. ಕಡಾಣಿ ಅಂದರೆ ಚಕ್ರ ಕಳಚದ ಹಾಗೆ ಅಚ್ಚಿನ ತುದಿಗೆ ಹಾಕುವ ಕೀಲು. ಮೈಸೂರಿನಲ್ಲಿ ಎಸಿ ಕೆಳಗೆ ಕೂತು ಎರಡು ಸಲ ಕೇಳಿದ್ದಕ್ಕಿಂತ ಇದು ಚೆನ್ನಾಗಿ ಅರ್ಥವಾಯಿತು.

ವಿಷಯ ಇಷ್ಟು. ಮೋಟರಿಗೆ ಒಂದು ಪುಟ್ಟ ಕೈ ಇದೆ, ಸೈಕಲ್ ಪೆಡಲಿನ ಹಾಗೆ. ಆ ಕೈಗೂ ದೀಪದ ಚೌಕಟ್ಟಿಗೂ ನಡುವೆ ಒಂದು ಕಡ್ಡಿ. ಮೋಟರ್ ಹಿಂದಕ್ಕೂ ಮುಂದಕ್ಕೂ ಹೋಗುವುದಿಲ್ಲ, ಯಾವಾಗಲೂ ಒಂದೇ ದಿಕ್ಕಿಗೆ ತಿರುಗುತ್ತದೆ. ಅರ್ಧ ಸುತ್ತಿಗೆ ದೀಪ ಮೇಲೆ, ಇನ್ನರ್ಧ ಸುತ್ತಿಗೆ ಕೆಳಗೆ. ಅರ್ಧ ಸುತ್ತು ಮುಗಿದಾಗ ಒಳಗಿನ ಸ್ವಿಚ್ ಕರೆಂಟು ಕಡಿಯುತ್ತದೆ. ಅಂದರೆ ಮೋಟರ್ ತನ್ನ ಜಾಗದಲ್ಲೇ ಸರಿಯಾಗಿ ನಿಲ್ಲುತ್ತಿತ್ತು, ಆ ಕಡ್ಡಿಯ ತುದಿಯ ಪ್ಲಾಸ್ಟಿಕ್ ಬುಷ್, ಅಂದರೆ ಪಿನ್ನಿನ ಸುತ್ತ ಕೂರುವ ಪುಟ್ಟ ಉಂಗುರ, ಸವೆದು ಒಂದು ಮಿಲಿಮೀಟರಿನಷ್ಟು ಲೂಸಾಗಿತ್ತು. ಬರೀ ಒಂದು ಮಿಲಿಮೀಟರ್. ಆದರೆ ಬಾಗಿಲಿನ ಹಿಂಜಿನ ಹತ್ತಿರ ಕೂದಲೆಳೆ ಆಡಿದರೂ ಚಿಲಕದ ಹತ್ತಿರ ಬೆರಳಷ್ಟು ಆಡುತ್ತದಲ್ಲ, ಅದೇ ಲೆಕ್ಕ. ಮೂತಿ ತುದಿಯಲ್ಲಿ ಅದು ಮೆಳ್ಳೆಗಣ್ಣಾಗಿ ಕಂಡಿತು.

ಬುಷ್ ಎಲ್ಲಿ ತರುವುದು? ಮೇಸ್ತ್ರಿ ಕಡ್ಡಿ ಬಿಚ್ಚಿ ಜೇಬಿಗೆ ಹಾಕಿಕೊಂಡು ನನ್ನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹತ್ತಿರದ ಲೇತ್ ಅಂಗಡಿಗೆ ಹೊರಟರು. ಮಂಡ್ಯ ಅಂದರೆ ಕಬ್ಬು, ಕಬ್ಬು ಅಂದರೆ ಆಲೆಮನೆ, ಆಲೆಮನೆ ಅಂದರೆ ಗಾಣ, ಗಾಣ ಅಂದಮೇಲೆ ಬುಷ್ ಸವೆಯದೆ ಇರುತ್ತದೆಯೇ. ಆ ಅಂಗಡಿಯಲ್ಲಿ ನನ್ನ ತೊಡೆ ಗಾತ್ರದ ಬುಷ್‌ಗಳು ಸಾಲಾಗಿ ಕೂತಿದ್ದವು, ನಡುವೆ ನಮ್ಮದು ಅಂಗಿ ಗುಂಡಿಯಷ್ಟು. ನಾನು ಬುದ್ಧಿವಂತನ ಹಾಗೆ ‘ಗನ್‌ಮೆಟಲ್‌ನಲ್ಲಿ ಮಾಡಿಬಿಡಿ, ಜನ್ಮಕ್ಕೆ ಸಾಕು’ ಅಂದೆ. ಲೇತಿನವರು ಕಣ್ಣು ಮೇಲೆತ್ತದೆ, ‘ಗಾಣಕ್ಕೆ ಗನ್‌ಮೆಟಲ್ಲು. ಇದಕ್ಕೆ ಎಣ್ಣೆ ಬುಡೋರ್ ಯಾರು? ಒಣಗಿದ್ರೆ ಪಿನ್ನನ್ನೇ ತಿಂತದೆ, ಕಿರಗುಟ್ತದೆ. ನೈಲಾನ್ ಹಾಕವ, ಸವೆದ್ರೆ ಬುಷ್ ಸವೀಲಿ’ ಅಂದರು. ನಾಲ್ಕು ಬುಷ್, ಎರಡೂ ಕಡೆಗೆ, ತಲಾ 150. ಬಲಗಡೆಯದೂ ಅದೇ ವಯಸ್ಸಿನದು, ಒಟ್ಟಿಗೇ ಹಾಕಿಬಿಡಿ ಅಂತ ಮೇಸ್ತ್ರಿಯೇ ಹೇಳಿದರು, ಅದು ದುಡ್ಡಿನ ಆಸೆಯಲ್ಲ ಅಂತ 150ರಲ್ಲೇ ಗೊತ್ತಾಗುತ್ತದೆ.

ಆಮೇಲಿನ ಕೆಲಸ ಯಾವ ಕ್ರಮದಲ್ಲಿ ಮಾಡಿದರು ಅನ್ನುವುದು ಮುಖ್ಯ, ಯಾಕೆಂದರೆ ಮೈಸೂರಿನವರು ಇದನ್ನೇ ತಲೆಕೆಳಗು ಮಾಡಿದ್ದು. ಮೊದಲು ಬುಷ್ ಕೂರಿಸಿ ಲೂಸು ತೆಗೆದರು. ದೀಪ ಮಲಗಿದಾಗ ಕೂರುವುದಕ್ಕೆ ಕೆಳಗೆ ಒಂದು ರಬ್ಬರ್ ತಲೆಯ ಸ್ಕ್ರೂ ಇದೆ, ಅದು ಸಡಿಲವಾಗದ ಹಾಗೆ ಚೆಕ್ ನಟ್ ಇರುತ್ತದೆ, ಆ ಸ್ಕ್ರೂವನ್ನು ಅರ್ಧರ್ಧ ಸುತ್ತು ತಿರುಗಿಸುತ್ತಾ ಎತ್ತರ ಹೊಂದಿಸಿದರು. ತುಂಬ ಎತ್ತರಿಸಿದರೆ ಮುಚ್ಚಳ ಎದ್ದು ನಿಲ್ಲುತ್ತದೆ, ತುಂಬ ತಗ್ಗಿಸಿದರೆ ದೀಪಕ್ಕೆ ಒರಗಲು ಏನೂ ಇಲ್ಲದೆ ಹಳ್ಳ ಬಂದಾಗಲೆಲ್ಲ ಲಟಲಟ ಅನ್ನುತ್ತದೆ. ಇಷ್ಟಾದ ಮೇಲೆಯೇ ಮುಚ್ಚಳದ ಬೋಲ್ಟು, 10ನೇ ನಂಬರ್ ಸ್ಪ್ಯಾನರ್. ಮೈಸೂರಿನಲ್ಲಿ ಎಳೆದಿದ್ದನ್ನು ವಾಪಸ್ ಮೊದಲಿನ ಗುರುತಿಗೆ ತಂದು, ಸುತ್ತ ಸಂದು ಒಂದೇ ಸಮ ಇದೆಯಾ ಅಂತ ಹಳೇ ಮದುವೆ ಕರೆಯೋಲೆಯ ರಟ್ಟನ್ನು ಮಡಚಿ ತೂರಿಸಿ ನೋಡಿದರು. ಪ್ರತಿ ಸಲ ಬಿಗಿ ಮಾಡಿದ ಮೇಲೂ ಮೋಟರಿನಲ್ಲಿ ಎತ್ತಲಿಲ್ಲ, ಮೊದಲು ಕೈ ತಿರುಪಿನಲ್ಲಿ ಎತ್ತಿ, ಎಲ್ಲೂ ತಾಗುವುದಿಲ್ಲ ಅಂತ ಖಾತ್ರಿಯಾದ ಮೇಲೆ ಫ್ಯೂಸ್. ಈ ಒಂದು ಕೆಲಸ ಮೈಸೂರಿನಲ್ಲಿ ಮಾಡಿದ್ದರೆ ನನ್ನ ಬಾನೆಟ್ ಪೇಂಟ್ ಉಳಿಯುತ್ತಿತ್ತು.

ಇಷ್ಟಕ್ಕೆ ಮುಗಿಯಿತು ಅಂದುಕೊಂಡು ಪರ್ಸ್ ತೆಗೆದೆ. ‘ಇರಿ ಸಾ, ಮುಖ ನೆಟ್ಟಗಾಯ್ತು, ನೋಟ ನೆಟ್ಟಗಾಗ್ಬೇಕಲ್ಲ’ ಅಂದರು. ಸರಿಯೇ. ಮುಚ್ಚಳ ಸರಿಯಾಗಿ ಕೂತರೆ ಬೆಳಕೂ ಸರಿಯಾಗಿ ಬೀಳುತ್ತದೆ ಅಂತೇನಿಲ್ಲ, ಅದು ಬೇರೆಯೇ ಹೊಂದಾಣಿಕೆ. ಕತ್ತಲಾಗುವವರೆಗೆ ಕಾಯಿಸಿ ಪಕ್ಕದ ಅಕ್ಕಿ ಗಿರಣಿ ಗೋಡೆ ಮುಂದೆ, ನೆಲ ಸಮ ಇರುವ ಕಡೆ, ಹತ್ತು ಮೀಟರ್ ಅಳೆದು ನಿಲ್ಲಿಸಿದರು. ಟೈರ್ ಗಾಳಿ ನೋಡಿದರು, ಈ ಕಾರಿಗೆ 26 ಪಿಎಸ್‌ಐ ಸಾಕು, ನಾನು 32 ಹೊಡೆಸಿಕೊಂಡು ಓಡಾಡುತ್ತಿದ್ದೆ. ನನ್ನನ್ನು ಡ್ರೈವರ್ ಸೀಟಿನಲ್ಲೇ ಕೂರಿಸಿದರು, ಎರಡು ಸೀಟಿನ ಹಗುರ ಕಾರು, ಒಬ್ಬ ಕೂತರೂ ಮೂತಿ ಏರುಪೇರಾಗುತ್ತದೆ. ದೀಪದ ನಡುವಿನ ಎತ್ತರವನ್ನು ಗೋಡೆಯಲ್ಲಿ ಗೆರೆ ಹಾಕಿ, ಅದಕ್ಕಿಂತ ಹತ್ತು ಸೆಂಟಿಮೀಟರ್ ಕೆಳಗೆ ಇನ್ನೊಂದು ಗೆರೆ. ಡಿಮ್ ಬೆಳಕಿನ ಮೇಲಂಚು ಕೆಳಗಿನ ಗೆರೆಗೆ ಕೂರಬೇಕು. ಹತ್ತು ಮೀಟರಿಗೆ ಹತ್ತು ಸೆಂಟಿಮೀಟರ್ ಇಳಿತ, ಅಷ್ಟೇ ಲೆಕ್ಕ.

ದೀಪದ ಸುತ್ತ ಇರುವ ಸ್ಕ್ರೂಗಳಲ್ಲಿ ಕೆಲವು ಬರೀ ಬಳೆ ಹಿಡಿದುಕೊಳ್ಳುವುದಕ್ಕೆ, ಸ್ಪ್ರಿಂಗಿನ ಜೊತೆ ಇರುವ ಎರಡು ಮಾತ್ರ ಬೆಳಕು ತಿರುಗಿಸುವುದಕ್ಕೆ. ಒಂದು ಮೇಲೆ ಕೆಳಗೆ, ಒಂದು ಎಡ ಬಲ. ಮನೆಯಲ್ಲಿ ನೀವೇ ಮಾಡುವುದಾದರೆ ಇದನ್ನು ಗುರುತಿಸಿಕೊಳ್ಳಿ, ಬಳೆ ಸ್ಕ್ರೂ ಬಿಚ್ಚಿದರೆ ದೀಪ ಕೈಗೇ ಬರುತ್ತದೆ. ಇನ್ನೊಂದು: ಈ ಕಾರಿನ ದೀಪ ಅಂದರೆ ಮಾಮೂಲಿ 7 ಇಂಚಿನ ಗುಂಡು ದೀಪ, ಹಳೇ ಅಂಬಾಸಿಡರ್, ಜೀಪಿನ ಅಳತೆಯದೇ. ನನ್ನ ಎಡಗಡೆ ದೀಪದೊಳಗೆ ಬೆಳ್ಳಿ ಬಣ್ಣ ಕಪ್ಪಾಗಿತ್ತು, ಮೇಸ್ತ್ರಿಯ ಹುಡುಗ ಹೋಗಿ ಮಂಡ್ಯದಲ್ಲೇ ಹೊಸದು ತಂದ. ಬಲ್ಬು 60/55 ವ್ಯಾಟಿನ ಎಚ್4. ಫಾರಿನ್ ಕಾರಿಗೆ ಜೀಪಿನ ಕಣ್ಣು! ಇಂಗ್ಲೆಂಡಿನಲ್ಲೂ ನಮ್ಮ ಹಾಗೆಯೇ ಎಡಗಡೆ ಓಡಿಸುವುದರಿಂದ ಇನ್ನೊಂದು ದೀಪ ಬದಲಾಯಿಸುವ ಗೋಜಿರಲಿಲ್ಲ, ಎರಡರಲ್ಲೂ ಬೆಳಕಿನ ಅಂಚು ಎಡಕ್ಕೆ ಏರುತ್ತದೆ, ರಸ್ತೆ ಬದಿ ಕಾಣುತ್ತದೆ. ದುಬೈ ಕಡೆಯಿಂದ ಬಂದ ಕಾರಿದ್ದರೆ ಇದನ್ನು ಗೋಡೆ ಮೇಲೆ ನೋಡಿಕೊಳ್ಳಿ, ಅಲ್ಲಿಯ ದೀಪದಲ್ಲಿ ಅಂಚು ಬಲಕ್ಕೆ ಏರುತ್ತದೆ, ಎಷ್ಟು ಹೊಂದಿಸಿದರೂ ಎದುರಿನವರ ಕಣ್ಣಿಗೇ ಹೊಡೆಯುತ್ತದೆ.

ಎಲ್ಲ ಚೆನ್ನಾಗಿತ್ತು ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ದಿನದ ಕೆಲಸ ಅಂದವರು ಎರಡು ದಿನ ಮಾಡಿದರು. ನಡುವೆ ಯಾರದೋ ಟ್ರ್ಯಾಕ್ಟರ್ ಬಂತು ಅಂತ ನನ್ನ ಕಾರನ್ನು ಒಂದು ಕಣ್ಣು ಬಿಚ್ಚಿದ ಹಾಗೇ ಬಿಸಿಲಿನಲ್ಲಿ ಬಿಟ್ಟು ಹೋಗಿಬಿಟ್ಟರು, ಕೇಳಿದರೆ ‘ಕಬ್ಬು ಕಡ್ದು ಮಡಗವ್ರೆ ಸಾ, ಕಾಯಲ್ಲ’ ಅಂದರು. ಫೋನ್ ಎತ್ತುವುದಿಲ್ಲ. ಕೂರಲು ಆ ಟೈರು ಬಿಟ್ಟರೆ ಬೇರೆ ಏನಿಲ್ಲ. ಬಿಲ್ ಕೇಳಿದೆ, ಬೀಡಿ ಕಟ್ಟಿನ ಹಿಂದೆ ಕೂಡಿಸಿ ತೋರಿಸಿದರು: ಬುಷ್ 600, ದೀಪ ಬಲ್ಬು ಸೇರಿ 850, ಕೂಲಿ 1,200. ಗ್ರೀಸ್ ಬಳಿದಿದ್ದು ಜಾಸ್ತಿಯಾಗಿತ್ತು, ನೈಲಾನಿಗೆ ಅಷ್ಟು ಬೇಕಿರಲಿಲ್ಲ, ಧೂಳು ಅಂಟುತ್ತದೆ ಅಂತ ಮನೆಗೆ ಬಂದು ನಾನೇ ಒರೆಸಿದೆ. ಹುಡುಗ ಒಂದು ರಬ್ಬರ್ ಟೋಪಿ ಹಾಕುವುದನ್ನು ಮರೆತಿದ್ದ, ಅದು ಇಲ್ಲದಿದ್ದರೆ ಮೋಟರಿಗೆ ನೀರು ಇಳಿಯುತ್ತದೆ. ಅದಕ್ಕಾಗಿ ಮತ್ತೆ 45 ಕಿಲೋಮೀಟರ್ ಹೋಗಿಬಂದೆ. ಪೇಂಟ್ ಕೆಲಸ ಅವರಲ್ಲಿಲ್ಲ, ಬಾನೆಟ್ಟಿನ ಗಾಯ ಇನ್ನೂ ಹಾಗೇ ಇದೆ.

ಎರಡನೇ ರಾತ್ರಿ ಎಕ್ಸ್‌ಪ್ರೆಸ್‌ವೇ ಹತ್ತದೆ ಹಳೇ ದಾರಿಯಲ್ಲೇ, ಶ್ರೀರಂಗಪಟ್ಟಣದ ಮೇಲೆ ವಾಪಸ್ ಬಂದೆ. ಒಂದು ಹಂಪಿನಲ್ಲೂ ಬೆಳಕು ಕುಣಿಯಲಿಲ್ಲ. ಒಬ್ಬರೂ ವಾಪಸ್ ಲೈಟ್ ಹೊಡೆಯಲಿಲ್ಲ. ಈಗ ಐದು ತಿಂಗಳಾಯಿತು, ಒಂದು ಮಳೆಯೂ ಆಯಿತು, ಎಫ್‌ಸಿಯೂ ಆಯಿತು. ಇನ್‌ಸ್ಪೆಕ್ಟರ್ ನಾಲ್ಕು ಸಲ ಎತ್ತಿ ಇಳಿಸಿ ಅಂದರು, ಅದರಲ್ಲಿ ಎರಡು ಸಲ ಬರೀ ಖುಷಿಗೆ ಅಂತ ನನ್ನ ಅನುಮಾನ. ಎರಡೂ ಕಣ್ಣು ಒಟ್ಟಿಗೇ ಏಳುತ್ತವೆ, ಒಟ್ಟಿಗೇ ಮುಚ್ಚುತ್ತವೆ, ಬೀದಿ ಮಕ್ಕಳಿಗೆ ಮಾತ್ರ ಬೇಜಾರು.

ಹೋಗುವವರಿಗೆ: ಬೆಳಗ್ಗೆ ಒಂಬತ್ತರ ಒಳಗೆ ಹೋಗಿ, ಆಮೇಲೆ ಮೇಸ್ತ್ರಿ ಯಾವ ಗದ್ದೆಯಲ್ಲಿರುತ್ತಾರೋ ಗೊತ್ತಿಲ್ಲ. ಕ್ಯಾಶ್ ಇಟ್ಟುಕೊಳ್ಳಿ. ಅವಸರ ಇದ್ದರೆ ಹೋಗಲೇಬೇಡಿ. ಆಲೆಮನೆಗಳು ಜೋರಾಗಿ ನಡೆಯುವಾಗ ಲೇತಿನವರು ಗಾಣದ ಕೆಲಸ ಬಿಟ್ಟು ನಿಮ್ಮ ಗುಂಡಿಯಷ್ಟು ಬುಷ್ ಮುಟ್ಟುವುದಿಲ್ಲ, ಅದು ಮುಗಿದ ಮೇಲೆ ಹೋಗಿ. ಮತ್ತೆ ವಾಟರ್ ಸರ್ವೀಸಿಗೆ ಬಿಡುವಾಗ ದೀಪ ಎತ್ತಿಟ್ಟು ಕಾಫಿಗೆ ಹೋಗಬೇಡಿ.